ಮೂರನೆಯ ಕಾಲಂ ಎಳೆದವರು

ಆ ವರ್ಷ ಏನೇನು ಕೆಡಬಹುದಾಗಿತ್ತು ಎಂಬುದು ನನಗೆ ಈಗಲೂ ಬಾಯಿಪಾಠ. ಜಾಲಹಳ್ಳಿಯ ಆಚೆಗಿನ ಆ ಊರಿನ ಮಕ್ಕಳ ಹಲ್ಲು ಹಳದಿಗಟ್ಟಿ, ಬರಬರುತ್ತ ಎಲುಬು ಬಾಗಬಹುದಿತ್ತು. ಅದನ್ನು ತಪ್ಪಿಸಲು ಹೋಗಿ ಊರಿಗೆ ಊರೇ ಕಾಲುವೆಯ ನೀರು ಕುಡಿದು, ವಾಂತಿಭೇದಿ ಹತ್ತಿ, ದೇವದುರ್ಗದ ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಬಹುದಿತ್ತು. ಸಿಹಿನೀರಿನ ಬಾವಿ ಕೊಡುತ್ತೇನೆಂದ ರೈತ ಮಾತು ತಿರುಗಿಸಬಹುದಿತ್ತು. ತಿರುಗಿಸದಿದ್ದರೆ ಅವನ ಮೋಟರು ಸುಡಬಹುದಿತ್ತು. ಮೋಟರು ಸುಡದಿದ್ದರೆ ಬಾವಿಗೆ ನಾಯಿ ಬೀಳಬಹುದಿತ್ತು. ಬ್ಲೀಚಿಂಗ್ ಪೌಡರು ಕಡಿಮೆ ಬೀಳಬಹುದಿತ್ತು, ಹೆಚ್ಚೂ ಬೀಳಬಹುದಿತ್ತು. ಯಾರೋ ಮೊಬೈಲಿನಲ್ಲಿ ನಮ್ಮ ವೀಡಿಯೊ ತೆಗೆದು 'ವಿಷ ಕುಡಿಸುವ ಅಧಿಕಾರಿಗಳು' ಎಂದು ಊರೆಲ್ಲ ಹರಡಬಹುದಿತ್ತು. ಪತ್ರಿಕೆಯಲ್ಲಿ ಬರಬಹುದಿತ್ತು, ವಿಚಾರಣೆ ಶುರುವಾಗಬಹುದಿತ್ತು. ನಿವೃತ್ತಿಗೆ ಐದು ತಿಂಗಳು ಉಳಿದಿದ್ದ ನಮ್ಮ ಪ್ರಯೋಗಾಲಯದ ಮೇಡಂ ಅವರ ಪಿಂಚಣಿ ನಿಲ್ಲಬಹುದಿತ್ತು. ವರದಿಯ ಕೆಳಗೆ 'ಪರೀಕ್ಷಿಸಿದವರು' ಎಂದು ಸಹಿ ಹಾಕಿದ್ದ ನನ್ನ ನೌಕರಿಯೇ ಹೋಗಬಹುದಿತ್ತು. ಇದೆಲ್ಲ ಆಗುವ ಮೊದಲೇ, ನಮ್ಮ ಜೀಪಿನ ಬ್ರೇಕಿನ ಗುಣ ಬಲ್ಲವನಾದ್ದರಿಂದ ಹೇಳುತ್ತೇನೆ, ನಾವಿಬ್ಬರೂ ದಾರಿಯಲ್ಲೇ ಹೋಗಿಬಿಡಬಹುದಿತ್ತು.

ಈ ಪಟ್ಟಿಯನ್ನು ಆಗ ಮನೆಯಲ್ಲಿ ಒಪ್ಪಿಸಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಿಮ್ಮ ತಲ್ಯಾಗ ಇಷ್ಟು ಮಂದಿ ಸತ್ತಾರಲ್ಲ, ಒಬ್ಬರನ್ನರೆ ಮಣ್ಣು ಮಾಡಿ ಬಂದೀರೇನು?" ಎಂದು ಕೇಳಿದ್ದಳು.

ಹೋದ ತಿಂಗಳು ನಿಜವಾಗಿಯೂ ಮಣ್ಣಿಗೆ ಹೋಗಿ ಬಂದೆ. ಮಾನ್ವಿಯಲ್ಲಿ ಮೇಡಂ ತೀರಿಕೊಂಡರು. ಬಹಳ ಜನ ಇರಲಿಲ್ಲ. ಬಂದವರಲ್ಲಿ ಅರ್ಧ ಜನ ಬಂಧುಗಳು, ಉಳಿದರ್ಧ ಜನ ಯಾರೆಂದು ಬಂಧುಗಳಿಗೇ ಗೊತ್ತಿರಲಿಲ್ಲ. ದೇವದುರ್ಗದ ಕಡೆಯ ಹಳ್ಳಿಗಳಿಂದ ಬಸ್ಸು ಬದಲಿಸಿಕೊಂಡು ಬಂದ ಹೆಂಗಸರು ಅವರು. ಒಬ್ಬಾಕೆ ನನ್ನ ಗುರುತು ಹಿಡಿದು, "ನೀವು ಅಂಜತಿದ್ರಲ್ರಿ, ಆ ಸರ್ ಅಲ್ಲೇನ್ರಿ?" ಎಂದಳು. ಹೌದು, ಅದೇ ಸರ್.

ಮೇಡಂ ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿದ ಕಾಗದದಲ್ಲಿ ಖಾತ್ರಿಯಾದದ್ದು ಮಾತ್ರ ಇರಬೇಕು, ಖಾತ್ರಿಯಿಲ್ಲದ್ದಿದ್ದರೆ ಖಾತ್ರಿಯಿಲ್ಲ ಎಂದು ಅಲ್ಲೇ ಬರೆದಿರಬೇಕು ಅನ್ನುವುದು ಅವರ ನೇಮ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ರಾಯಚೂರಿನಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವ ನಮ್ಮ ಪ್ರಯೋಗಾಲಯ ಎಂದರೆ ಎರಡೂವರೆ ಕೋಣೆ. ಅರ್ಧ ಕೋಣೆ ಅವರದು. ಕುರ್ಚಿಯ ಹಿಂದೆ ಫೈಲುಗಳು, ಮುಂದೆ ಅಂಗೈಯಗಲದ ಬುದ್ಧನ ಮೂರ್ತಿ, ಅದರ ಕೆಳಗೆ ಹಾರದಂತೆ ಇಟ್ಟ ಬಾಕಿ ವರದಿಗಳು. ಅಲ್ಲಿಗೆ ನಾನು ಕಿರಿಯ ರಸಾಯನಶಾಸ್ತ್ರಜ್ಞನಾಗಿ ಸೇರಿದ ವಾರವೇ ಒಂದು ಬಾವಿಯ ನೀರಿನ ಫ್ಲೋರೈಡ್ ಅಳೆದು, ಯಂತ್ರ ತೋರಿಸಿದ್ದನ್ನು ಹಾಗೆಯೇ ಬರೆದುಕೊಟ್ಟೆ: ಒಂದು ಪಾಯಿಂಟ್ ನಾಲ್ಕು ಎಂಟು ಏಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಈ ಏಳು ಯಾರು ತಮ್ಮಾ?"

"ಯಂತ್ರದಾಗ ಬಂತ್ರಿ ಮೇಡಂ."

"ಬಂತಂತ ಒಳಗ ಕರಕೊಂಡ್ರೇನು? ಅದ ಬಾಟ್ಲಿ ನೀರು ಇನ್ನೆರಡು ಸಲ ನೋಡ್ರಿ."

ನೋಡಿದೆ. ಎರಡನೆಯ ಸಲ ಬೇರೆ ಅಂಕಿ ಬಂತು, ಮೂರನೆಯ ಸಲ ಇನ್ನೊಂದು ಬಂತು. ಏಳು ಎರಡೂ ಸಲ ಪತ್ತೆಯಿರಲಿಲ್ಲ. ಎಂಟೂ ಹೋಗಿತ್ತು. "ನೋಡ್ರಿ," ಅಂದರು, "ಒಂದು ಬಾಟ್ಲಿ, ಒಂದು ಯಂತ್ರ, ಒಬ್ಬರ ಕೈ. ಆದ್ರೂ ಮೂರು ಮಾತು ಹೇಳ್ತು. ಮಂದಿ ಕೂಡಿದಲ್ಲಿ ಮೂವತ್ತು ಮಾತು ಬಂದ್ರ ಸಿಟ್ಟಾಗಬ್ಯಾಡ್ರಿ." ನಾನು ಆ ದಿನ ರಾಯಚೂರಿನಿಂದ ವರ್ಗ ಮಾಡಿಸಿಕೊಳ್ಳಲು ಯಾರನ್ನು ಹಿಡಿಯಬೇಕೆಂದು ಯೋಚಿಸುತ್ತ ಮನೆಗೆ ಹೋದೆ. ಅಳೆದದ್ದನ್ನೇ ನಂಬದ ಜಾಗದಲ್ಲಿ ನನ್ನಂಥವನು ಬದುಕುವುದು ಹೇಗೆ?

ಕಲ್ಮಲದ ಕಡೆಯ ರೈತರೊಬ್ಬರು ಆಗಾಗ ಫೋನು ಮಾಡುತ್ತಿದ್ದರು. ಫೋನು ಸ್ಪೀಕರಿನಲ್ಲಿ ಇರುತ್ತಿದ್ದುದರಿಂದ ಎರಡೂವರೆ ಕೋಣೆಗೂ ಕೇಳುತ್ತಿತ್ತು.

"ಮೇಡಮ್ಮರ, ನಮ್ಮ ಹೊಲದ ಬೋರಿನ ನೀರು ಕುಡೀಬೇಕೋ ಬ್ಯಾಡೋ? ಒಂದ ಮಾತಿನ್ಯಾಗ ಹೇಳ್ರಿ."

"ಒಂದ ಮಾತಿನ್ಯಾಗ ಬರಂಗಿಲ್ರಿ. ನಿಮ್ಮ ಮನ್ಯಾಗ ಯಾರ್ಯಾರು ಅದಾರ, ಮೊದ್ಲು ಅದನ್ನ ಹೇಳ್ರಿ."

"ನೀರಿನ ವಿಷಯ ಕೇಳಿದ್ರ ಮನಿ ಮಂದಿ ಎಣಸಾಕತ್ತೀರಲ್ರಿ!"

"ನೀರು ಒಂದ ಇರ್ತದ್ರಿ, ಕುಡಿಯೋ ಹೊಟ್ಟಿ ಒಂದ ಇರಂಗಿಲ್ಲ."

ಆಮೇಲೆ ಅರ್ಧ ತಾಸು ಮಾತು. ಅಜ್ಜನ ಮಂಡಿನೋವು ಯಾವಾಗಿನದು, ಸೊಸೆಗೆ ಎಷ್ಟನೆಯ ತಿಂಗಳು, ಮೊಮ್ಮಗ ಹಾಲು ಬಿಟ್ಟಿದ್ದಾನೆಯೇ. ನಾನು ಈಚೆ ಕೂತು ಬೆವರುತ್ತಿದ್ದೆ. ನಾವು ವೈದ್ಯರಲ್ಲ, ಇದನ್ನೆಲ್ಲ ಹೇಳಲು ನಮಗೆ ಅಧಿಕಾರವಿಲ್ಲ, ನಾಳೆ ಏನಾದರೂ ಆದರೆ ಫೋನಿನ ಮಾತು ರೆಕಾರ್ಡ್ ಆಗಿರುತ್ತದೆ. ಹೀಗೆಂದು ಒಮ್ಮೆ ಹೇಳಿಯೂ ಬಿಟ್ಟೆ. "ಆಗಿರ್ಲಿ ಬಿಡ್ರಿ," ಅಂದರು. "ಗೊತ್ತಿಲ್ಲಂದಿದ್ದೂ ಅದರಾಗ ರೆಕಾರ್ಡ್ ಆಗಿರ್ತದಲ್ಲ."

ರಾಯಚೂರಿನಲ್ಲಿ ಹೆಲ್ಮೆಟ್ಟು ಕಡ್ಡಾಯ ಮಾಡಿ ಪೊಲೀಸರು ನಿಂತು ದಂಡ ಹಾಕುತ್ತಿದ್ದ ದಿನಗಳಲ್ಲಿ ಅವರೊಡನೆ ಆಟೋದಲ್ಲಿ ಹೋಗುವುದೇ ಒಂದು ಪಾಠ. ಬೈಕಿನವರು ಹೆಲ್ಮೆಟ್ಟನ್ನು ಮೊಳಕೈಗೆ ಸಿಕ್ಕಿಸಿಕೊಂಡು ಬರುವರು, ಚೌಕ ಕಂಡ ಕೂಡಲೇ ತಲೆಗೆ ಏರಿಸುವರು, ದಾಟಿದ ಕೂಡಲೇ ಮತ್ತೆ ಮೊಳಕೈಗೆ. ಮೇಡಂ ಅದನ್ನು ಸಿಟ್ಟಿಲ್ಲದೆ ನೋಡುತ್ತಿದ್ದರು. "ಅವರು ದಡ್ಡರಲ್ಲ ತಮ್ಮಾ. ಅವರಿಗೆ ಕಾಣೋ ಅಂಜಿಕಿ ಪೊಲೀಸಂದು. ನಮ್ಮ ನೇಮ ತಲಿಗೆ ಮುಟ್ಟಿಲ್ಲ, ಮೊಳಕೈಗೆ ಬಂದು ನಿಂತದ." ನಾನು ಆಟೋದಲ್ಲೂ ಹೆಲ್ಮೆಟ್ಟು ಹಾಕಿಕೊಳ್ಳುವುದು ಹೇಗೆಂದು ಯೋಚಿಸುತ್ತಿದ್ದೆ.

ಅವರು ಮಾನ್ವಿ ತಾಲ್ಲೂಕಿನ ಕೂಲಿಕಾರರ ಮನೆಯ ಮಗಳು. ತಾಯಿ ಬಾವಿಯ ಬದಿಗೆ ಕೊಡ ಹಿಡಿದು, ಯಾರಾದರೂ ಬಂದು ಮೇಲಿಂದ ಸುರಿಯಲಿ ಎಂದು ಕಾಯುತ್ತಿದ್ದುದನ್ನು ನೋಡಿ ಬೆಳೆದವರು. ಇದನ್ನು ನನಗೆ ಅವರು ಹೇಳಿದ್ದು ಒಂದೇ ಸಲ, ಅದೂ ಬೇರೆ ಏನೋ ಹೇಳುವಾಗ. ಬಾವಿಯ ಮಾದರಿ ತೆಗೆಯಲು ನಾನೊಮ್ಮೆ ಅವಸರ ಮಾಡಿದ್ದೆ. "ನಿಂದ್ರಿ, ಅವರು ತುಂಬಿಕೊಳ್ಳಲಿ," ಎಂದು ಸರದಿಯಲ್ಲಿದ್ದ ಹೆಂಗಸರನ್ನು ತೋರಿಸಿದರು. "ಮುಂಜಾನಿ ಹೋದ ನಮ್ಮವ್ವ ನೀರು ತರಾಕ ಮಧ್ಯಾಹ್ನ ಆಗ್ತಿತ್ತು. ಬಾಟ್ಲಿ ಹಿಡಕೊಂಡು ಬಂದವರು ಸರದಿ ಮುರದ್ರ ನನಗ ತಡ್ಯಂಗಿಲ್ಲ."

ಇನ್ನೊಂದು ಸಂಗತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಅವರು ಮುಂದೆ ಮಾಡಿದ್ದು ಬರೀ ಹಟ ಎಂದು ಕಾಣುತ್ತದೆ. ನಾನು ಸೇರುವ ಮೊದಲು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಫ್ಲೋರೈಡ್ ಮಿತಿ ದಾಟಿದೆ ಎಂದು ಕೈಪಂಪಿಗೆ ಅವರೇ ಕೆಂಪು ಬಣ್ಣ ಹಚ್ಚಿಸಿ, ಹಿಡಿಕೆ ಕಳಚಿಸಿದ್ದರು. ನೇಮದ ಪ್ರಕಾರ ಸರಿಯೇ. ಜನ ಕಾಲುವೆಗೆ ಹೋದರು. ಎರಡೇ ವಾರದಲ್ಲಿ ವಾಂತಿಭೇದಿ. ನಾಲ್ಕು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ನಾಲ್ಕು ದಿನ ಕಣ್ಣು ತೆರೆಯಲಿಲ್ಲ. ಉಳಿದಳು, ಅದು ಬೇರೆ ಮಾತು. "ಆ ನಾಲ್ಕೂ ದಿನ ನನ್ನ ಫೈಲು ಭೇಷ್ ಇತ್ತು ತಮ್ಮಾ," ಅಂದಿದ್ದರು. "ಒಂದು ತಪ್ಪಿಲ್ಲ. ಆ ಕೂಸಿನ ಕೈಗೆ ಸಲಾಯಿನ್ ಹಾಕಾಕ ನರ ಸಿಗ್ತಿದ್ದಿಲ್ಲ, ನನ್ನ ಫೈಲಿನ್ಯಾಗ ಎಲ್ಲಾ ಸಹಿ ಇದ್ದವು."

ಇನ್ನು ಜಾಲಹಳ್ಳಿಯ ಆಚೆಯ ಆ ಊರು. ಊರಿಗೆ ಒಂದೇ ಕೈಪಂಪು. ನಮ್ಮ ಕಡೆ ಬೋರಿಂಗ್ ಎನ್ನುತ್ತಾರೆ. ಪೈಪು ಹೂತಿದ್ದರು, ಅದರಲ್ಲಿ ನೀರು ಇನ್ನೂ ಬಂದಿರಲಿಲ್ಲ. ಟ್ಯಾಂಕರು ಬಂದ ದಿನ ಬರುತ್ತಿತ್ತು. ಬೇಸಿಗೆಯ ಮೊದಲ ಮಾದರಿಯಲ್ಲಿ ಫ್ಲೋರೈಡ್ ಮಿತಿಯಾದ ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಕೂದಲೆಳೆ ಕೆಳಗಿತ್ತು. ಎರಡನೆಯದರಲ್ಲಿ ಕೂದಲೆಳೆ ಮೇಲೆ. ಅನುಮಾನ ಬಂದು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದೆವು; ಅವರದು ಮತ್ತೆ ಕೆಳಗೆ. ವರದಿ ಕೊಡುವ ಸರ್ಕಾರಿ ನಮೂನೆಯಲ್ಲಿ ಇದ್ದದ್ದು ಎರಡೇ ಕಾಲಂ: 'ಯೋಗ್ಯ', 'ಅಯೋಗ್ಯ'. ಮೊದಲನೆಯದಾದರೆ ಹಸಿರು ಬಣ್ಣ, ಎರಡನೆಯದಾದರೆ ಕೆಂಪು.

ಮೇಲಿನ ಸಾಹೇಬರು ಫೋನಿನಲ್ಲಿ ಕೇಳಿದರು: "ಕೆಂಪೋ ಹಸಿರೋ ಹೇಳಿಬಿಡಿ ಮೇಡಂ. ನಾನೂ ಮೇಲೆ ಕಳಿಸಬೇಕು."

"ಎರಡೂ ಅಲ್ರಿ ಸರ್."

"ನಮೂನೆಯಲ್ಲಿ ಎರಡೇ ಕಾಲಂ ಇರೋದು."

"ಮೂರನೇದು ಎಳೀತೀನ್ರಿ ಸರ್. ಸ್ಕೇಲ್ ಅದ ನನ್ನ ಹತ್ರ."

ಎಳೆದರು ಕೂಡ. ಸ್ಕೇಲಿಟ್ಟು, ನೀಲಿ ಪೆನ್ನಿನಲ್ಲಿ. ಮೇಲೆ 'ಖಾತ್ರಿಯಿಲ್ಲ, ನೋಡುತ್ತಿದ್ದೇವೆ' ಎಂದು ಬರೆದರು. ಕೆಳಗೆ ಷರತ್ತುಗಳು: ಹದಿನೈದು ದಿನಕ್ಕೊಮ್ಮೆ ಪರೀಕ್ಷೆ, ಸತತ ಎರಡು ಸಲ ಮಿತಿ ದಾಟಿದರೆ ಪಂಪು ಬಂದ್, ಅಲ್ಲಿಯವರೆಗೆ ಎಂಟು ವರ್ಷದೊಳಗಿನ ಮಕ್ಕಳಿಗೆ ಮತ್ತು ಬಸುರಿಯರಿಗೆ ಬೇರೆ ಸಿಹಿನೀರು, ಮನೆಗೆ ದಿನಕ್ಕೊಂದು ಕೊಡ. ಹಲ್ಲು, ಎಲುಬು ಬೆಳೆಯುವ ವಯಸ್ಸಿನಲ್ಲೇ ಫ್ಲೋರೈಡಿನ ಕಾಟ ಹೆಚ್ಚು ಎಂಬುದು ಆ ಲೆಕ್ಕದ ಹಿಂದಿನ ಮಾತು.

ನನ್ನ ಲೆಕ್ಕ ಬೇರೆ. ಮುಚ್ಚಿಬಿಟ್ಟರೆ ಯಾರೂ ನಮ್ಮನ್ನು ಕೇಳುವುದಿಲ್ಲ. ತೆರೆದಿಟ್ಟು ಏನಾದರೂ ಆದರೆ ಎಲ್ಲರೂ ಕೇಳುತ್ತಾರೆ. ಇಷ್ಟು ಸರಳ ಸಂಗತಿ ಮೂವತ್ತು ವರ್ಷ ನೌಕರಿ ಮಾಡಿದವರಿಗೆ ತಿಳಿಯದೆ? ಎರಡು ದಿನ ಕೂತು, 'ಪಂಪನ್ನು ಮುಚ್ಚುವುದೇ ಸೂಕ್ತವೆಂದು ಕೆಳಗೆ ಸಹಿ ಮಾಡಿದವನ ಅಭಿಪ್ರಾಯ' ಎಂದು ಒಂದು ಟಿಪ್ಪಣಿ ಬರೆದೆ. ಜನರ ಸಲುವಾಗಿ ಬರೆದದ್ದಲ್ಲ, ನಾಳೆ ತೋರಿಸಲು ಒಂದು ಕಾಗದ ಇರಲಿ ಎಂದು. ಯಾವಾಗ ಬೇಕಾದರೂ ಹೊರಗೆ ತೆಗೆಯಬಹುದೆಂದು ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಲಕೋಟೆ ಹುಡುಕುತ್ತ ಅವರೇ ಅದನ್ನು ತೆಗೆದರು.

ನಿಂತುಕೊಂಡೇ ಓದಿದರು.

"ಇದನ್ನ ಇಲ್ಲಿ ಯಾಕ ಮುಚ್ಚಿಟ್ಟೀರಿ? ಫೈಲಿಗೆ ಹಾಕ್ರಿ."

"ಇಲ್ರಿ ಮೇಡಂ, ಸುಮ್ಮನ ಬರದಿದ್ದೆ..."

"ಸುಮ್ಮನ ಬರದಿಲ್ಲ, ಚಂದ ಬರದೀರಿ. ಕಾರಣ ಎಲ್ಲಾ ಕೊಟ್ಟೀರಿ." ಕೂತು, ಕಾಗದದ ತಲೆಯ ಮೇಲೆ ತಮ್ಮ ಕೈಯಿಂದಲೇ 'ಭಿನ್ನಾಭಿಪ್ರಾಯ' ಎಂದು ಬರೆದು, ತಮ್ಮ ಆದೇಶದ ಪಕ್ಕದಲ್ಲಿ ದಾರ ಹಾಕಿ ಕಟ್ಟಿದರು. "ನೀವು ಹೇಳೂದು ತಪ್ಪಂತ ನನಗೇನು ಖಾತ್ರಿ ಇಲ್ಲ ತಮ್ಮಾ. ಮುಂದ ಓದವರಿಗೆ ಎರಡೂ ಕಾಣಲಿ."

ನನ್ನನ್ನು ಉಳಿಸಿಕೊಳ್ಳಲು ಬರೆದ ಕಾಗದಕ್ಕೆ ಅಷ್ಟು ಮರ್ಯಾದೆ ಸಿಕ್ಕಮೇಲೆ ಅದನ್ನು ಹರಿಯಲೂ ಆಗಲಿಲ್ಲ, ಅದರ ಹಿಂದೆ ಅಡಗಲೂ ಆಗಲಿಲ್ಲ.

ಊರಿನ ಶಾಲೆಯ ಕಟ್ಟೆಯ ಮೇಲೆ ಸಭೆ. ಅವರು ಸಭೆಗೆ ಎರಡು ತಾಸು ಮೊದಲೇ ಹೋಗಿ ಪಂಪಿನ ಹತ್ತಿರ ಕೂತರು. ಅದು ಅವರ ಕೆಲಸದ ರೀತಿ: ಯಾರು ತುಂಬುತ್ತಾರೆ, ಯಾವುದಕ್ಕೆ ಒಯ್ಯುತ್ತಾರೆ, ಎಮ್ಮೆಗೆ ಎಷ್ಟು, ಅಡುಗೆಗೆ ಎಷ್ಟು ಎಂದು ಒಬ್ಬೊಬ್ಬರನ್ನೇ ಮಾತಾಡಿಸುವುದು. ನಾನು ಪಂಪಿನ ಮೇಲಿನ ಕಣಜದ ಗೂಡನ್ನು ನೋಡುತ್ತ ದೂರ ನಿಂತಿದ್ದೆ.

ಸಭೆಯಲ್ಲಿ ಮೊದಲು ಎದ್ದವನು ಭೀಮೇಶ. ಡಿಗ್ರಿ ಮುಗಿಸಿದವನು, ಎರಡು ವರ್ಷದ ಮಗನ ತಂದೆ.

"ಮೇಡಂ, ಒಂದೂವರಿ ಅಂತ ನೇಮ ಅದನೋ ಇಲ್ಲೋ? ದಾಟಿದ್ರ ಬಂದ್ ಮಾಡ್ರಿ. ದಾಟಿಲ್ಲಂದ್ರ ಸಹಿ ಮಾಡಿ ಕೊಡ್ರಿ. ನಡುವ ನಿಂತು ಏನ್ ಮಾಡಾಕತ್ತೀರಿ?"

ಉತ್ತರ ಕೊಟ್ಟದ್ದು ಹನುಮವ್ವ. ಎಪ್ಪತ್ತರ ಆಚೆಯ ಮುದುಕಿ, ಕಟ್ಟೆಯ ತುದಿಗೆ ಕೂತಿದ್ದಳು. "ಬಂದ್ ಮಾಡಿದ್ರ ಕಾಲುವಿಗೆ ನೀ ಹೊಕ್ಕಿಯೇನಲೇ? ಕೊಡ ಹೊರಾಕಿ ನಿನ್ನ ಹೇಣ್ತಿ. ನೀ ಇಲ್ಲಿ ಕುಂತು ಮೊಬೈಲ್ ಒತ್ತಾಂವ."

ಹೆಂಗಸರು ಸೆರಗು ಮುಚ್ಚಿಕೊಂಡು ನಕ್ಕರು.

"ಯವ್ವಾ, ನಿನ್ನ ಮೊಮ್ಮಗಳ ಸಲುವಾಗೇ ಹೇಳಾಕತ್ತೀನಿ ಬೇ! ಹಲ್ಲು ಹೋಗ್ತಾವ, ಎಲಬು ಹೋಗ್ತಾವ."

"ಎಲ್ಲಿ ಹೋಗ್ಯಾವೋ? ಬೋರಿಂಗ್ ಹೊಡದಾಗಿಂದ ಇದ ನೀರು ಕುಡದೀನಿ. ನೋಡಿಲ್ಲಿ!" ಎಂದು ಹನುಮವ್ವ ಬಾಯಿ ತೆರೆದಳು.

ಎಲ್ಲರೂ ಬಗ್ಗಿ ನೋಡಿದರು. ಮೇಲೆ ನಾಲ್ಕು, ಕೆಳಗೆ ಐದು, ಕಂದು ಬಣ್ಣದವು. ಇನ್ನೂ ಒಂಬತ್ತು ಉಳಿದಿವೆಯಲ್ಲ ಎಂದು ಒಂದು ಗುಂಪು ಕೂಗಿತು. ಬಣ್ಣ ನೋಡಿರಪ್ಪಾ ಎಂದು ಇನ್ನೊಂದು ಗುಂಪು. ಒಂದೇ ಬಾಯಿ ಎರಡೂ ಕಡೆಗೆ ಸಾಕ್ಷಿಯಾಯಿತು. ಎಲೆ ಅಡಿಕೆಯ ಪಾತ್ರ ಎಷ್ಟೆಂದು ಹೇಳಲು ನಾನು ಎದ್ದೆ, ಯಾರೂ ಕೇಳಲಿಲ್ಲ, ಕೂತೆ.

ಆಗ ಭೀಮೇಶ ಅವರನ್ನೇ ನೇರವಾಗಿ ಕೇಳಿದ: "ಮೇಡಂ, ನಿಮ್ಮ ಮೊಮ್ಮಗಗ ಕೊಡ್ತೀರೇನ್ರಿ ಈ ನೀರು?"

"ಕೊಡಂಗಿಲ್ರಿ."

ಭೀಮೇಶ ಸಭೆಯ ಕಡೆಗೆ ತಿರುಗಿ, ಕೇಳಿದಿರಲ್ಲ ಎಂಬಂತೆ ಕೈ ಚಾಚಿದ.

"ನಾ ಕುಡೀತೀನಿ, ಕೂಸಿಗೆ ಕೊಡಂಗಿಲ್ಲ. ಅದಕ್ಕ ಮಕ್ಕಳ ಕೊಡ ಬ್ಯಾರೆ ಇಡೂನು ಅಂತ ಬಂದೀನಿ. ನೀರು ಪೂರಾ ಕೆಟ್ಟದ ಅಂತ ಹೇಳಾಕ ನನಗ ಆಧಾರ ಇಲ್ಲ. ಚಲೋ ಅದ ಅಂತ ಹೇಳಾಕ ಧೈರ್ಯ ಇಲ್ಲ."

"ಎಷ್ಟು ದಿನ ಹಿಂಗ?"

"ಗೊತ್ತಿಲ್ರಿ. ಪೈಪಿನ್ಯಾಗ ನೀರು ಬರೋತನ."

"ಗೊತ್ತಿಲ್ಲ ಅನ್ನಾಕ ರಾಯಚೂರಿಂದ ಇಲ್ಲೀತನ ಬಂದ್ರೇನ್ರಿ?"

"ಹುಂ ರೀ. ಅಲ್ಲೇ ಕುಂತು ಗೊತ್ತಿಲ್ಲ ಅಂದಿದ್ರ ನೀವು ಬೈತಿದ್ರಿ."

"ಈಗೂ ಬೈತೀವಲ್ರಿ!"

"ಬೈರಿ. ಬೈದು ಆದಮ್ಯಾಲ ಮನ್ಯಾಗ ಎಂಟು ವರ್ಷದ ಒಳಗಿನವರು ಎಷ್ಟು ಮಂದಿ ಅದಾರ ಹೇಳ್ರಿ, ಬರಕೋತೀನಿ."

ಬೈದರು. ಆಮೇಲೆ ಹೇಳಿದರು. ಭೀಮೇಶ ಒಪ್ಪಲಿಲ್ಲ, ಆದರೆ ಮನೆಗಳ ಪಟ್ಟಿ ಬರೆಯಲು ಪೆನ್ನು ತೆಗೆದವನು ಅವನೇ.

ಸಿಹಿನೀರು ಇದ್ದದ್ದು ಊರಾಚೆಯ ಒಬ್ಬ ರೈತರ ಹೊಲದ ಬಾವಿಯಲ್ಲಿ. ಅವರಿಗೆ ಒಂದೇ ಅನುಮಾನ. "ಮನಿಗೊಂದು ಕೊಡ ಅಂದ್ರ... ಎಲ್ಲಾ ಮನಿಗೂ ಏನ್ರಿ?"

"ಎಲ್ಲಾ ಮನಿಗೂ."

"ಎಲ್ಲಾ ಅಂದ್ರ, ಆ ಕಡಿ ಕೇರಿಯವರೂ..."

"ಹಲ್ಲು ಅವರ ಮಕ್ಕಳಿಗೂ ಬರ್ತಾವ್ರಿ ಯಜಮಾನ್ರ."

ರೈತರು ಆಕಾಶ ನೋಡಿದರು, ಬಾವಿ ನೋಡಿದರು. ಕೊನೆಗೆ ಅವರೇ ದಾರಿ ತೆಗೆದರು. ಮೋಟರಿಗೆ ಪೈಪು ಹಾಕಿ ರಸ್ತೆಯ ಬದಿಗೆ ಒಂದು ನಳ ಕೂರಿಸಿದರೆ ಯಾರೂ ಬಾವಿಗೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ. ಹಾಗೆಯೇ ಆಯಿತು. ಬಾವಿಗೆ ಯಾರೂ ಬರಲಿಲ್ಲವೆಂದು ರೈತರಿಗೆ ಸಮಾಧಾನ, ಎಲ್ಲರಿಗೂ ಒಂದೇ ನಳವೆಂದು ಕೇರಿಯವರಿಗೆ ಸಮಾಧಾನ. ಜೀಪಿನಲ್ಲಿ ನಾನು, ಇದು ಅನ್ಯಾಯ ಅಲ್ಲವೇ ಮೇಡಂ ಎಂದೆ. "ಅನ್ಯಾಯನ. ಇವತ್ತಿಗೆ ನೀರು ಬಂತು. ಉಳಿದಿದ್ದನ್ನ ನೀವೂ ಜರಾ ನೋಡ್ರಿ, ನನ್ನ ಸರ್ವಿಸ್ ಮುಗೀತು."

ಪಂಪಿಗೆ ಯಾವ ಬಣ್ಣ? ಕೆಂಪಲ್ಲ, ಹಸಿರಲ್ಲ. ಹಳದಿ ಎಂದರು. ದೇವದುರ್ಗದ ಅಂಗಡಿಯಲ್ಲಿ ಸಿಕ್ಕ ಹಳದಿ ಅಪ್ಪಟ ಅರಿಸಿನದ ಬಣ್ಣ. ಎಚ್ಚರಿಕೆ ಎಂದು ನಾವು ಹಚ್ಚಿದೆವು. ಮುಂದಿನ ಸಲ ಹೋದಾಗ ಪಂಪಿಗೆ ಕುಂಕುಮ ಬಿದ್ದಿತ್ತು, ಹಿಡಿಕೆಗೆ ಚೆಂಡುಹೂವಿನ ಮಾಲೆ. ಸರ್ಕಾರ ಎಚ್ಚರಿಸಿದರೆ ಜನ ಪೂಜೆ ಮಾಡುತ್ತಾರಲ್ಲ ಎಂದು ನಾನು ತಲೆ ಹಿಡಿದುಕೊಂಡೆ. ಅವರು ಮಾಲೆ ಬದಿಗೆ ಸರಿಸಿ ಬಾಟ್ಲಿಯನ್ನು ಮೂರು ಸಲ ಅದೇ ನೀರಿನಲ್ಲಿ ತೊಳೆದು ಮಾದರಿ ತುಂಬಿಕೊಂಡರು. "ಇದು ಸಾದಾ ಪಂಪಲ್ಲ ಅಂತ ಅವರಿಗೆ ತಿಳದದ. ಅಷ್ಟು ಸಾಕು."

ಹದಿನೈದು ದಿನಕ್ಕೊಮ್ಮೆ ಹೋದೆವು. ಒಮ್ಮೆ ಮಿತಿ ದಾಟಿತು. ಆ ಹದಿನೈದು ದಿನ ನಾನು ಬದುಕಿದ್ದೆನೆಂದು ನನ್ನ ಹೆಂಡತಿ ಸಾಕ್ಷಿ ಹೇಳಬೇಕು. ಮುಂದಿನ ಸಲ ಇಳಿಯಿತು. ಮಳೆ ಬಂದಮೇಲೆ ಮತ್ತಷ್ಟು ಇಳಿಯಿತು. ವಾಂತಿಭೇದಿ ಬರಲಿಲ್ಲ. ಮೋಟರು ಸುಡಲಿಲ್ಲ. ನಾಯಿ ಬೀಳಲಿಲ್ಲ. ಭೀಮೇಶ ವೀಡಿಯೊ ಮಾಡಿದ್ದು ನಿಜ, ಆದರೆ ಅದನ್ನು ನೋಡಿದವರು ಅವನ ಗೆಳೆಯರಷ್ಟೇ, ಅದರಲ್ಲಿ ಎಲ್ಲರಿಗೂ ಇಷ್ಟವಾದದ್ದು ಹನುಮವ್ವನ ಬಾಯಿ. ಮೇಲಿನವರು ಮೂರನೆಯ ಕಾಲಂ ಬಗ್ಗೆ ವಿವರಣೆ ಕೇಳಿ ಒಂದು ಪತ್ರ ಬರೆದರು. ಮೇಡಂ ನನ್ನ ಭಿನ್ನಾಭಿಪ್ರಾಯವನ್ನೂ ಲಗತ್ತಿಸಿ ಉತ್ತರಿಸಿದರು. ಮತ್ತೆ ಪತ್ರ ಬರಲಿಲ್ಲ.

ನಿವೃತ್ತಿಯ ವಾರ ಕೊನೆಯ ಮಾದರಿಗೆಂದು ಹೋದೆವು. ಅಷ್ಟರಲ್ಲಿ ನನಗೂ ಧೈರ್ಯ ಬಂದಿತ್ತು. ಜೀಪಿನಲ್ಲಿ ಎರಡು ಸಲ ನಕ್ಕಿದ್ದೆನಂತೆ, ಅವರೇ ಹೇಳಿದರು. ಶಾಲೆಯಲ್ಲಿ ಊರವರು ಮೇಡಂಗೆ ಶಾಲು ಹೊದಿಸಿ ನಾಲ್ಕು ಮಾತಾಡಿದರು. ಅದು ಮುಗಿಯುತ್ತಲೂ ಹನುಮವ್ವ ಬಂದು ಅವರ ಕೈ ಹಿಡಿದಳು.

"ಬರ್ರಿ ಯವ್ವಾ, ನಮ್ಮ ಮನಿಗೆ ಬಂದ ಹೋಗ್ಬೇಕು."

"ಹೊತ್ತಾಗ್ತದ ಬೇ ಯವ್ವಾ."

"ಹೊತ್ತು ಎಲ್ಲಿಗೆ ಹೊಕ್ಕದ? ಇಷ್ಟು ತಿಂಗಳ ಬೋರಿಂಗ್ ಮನಿಗೆ ಬಂದ್ರಿ, ನಮ್ಮ ಮನಿಗೆ ಬರಂಗಿಲ್ಲೇನು?"

ಹೋದೆವು. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಬಿಸಿಲಿಗೆ ಗಂಟಲು ಒಣಗಿತ್ತು. ಹನುಮವ್ವ ತಾನೇ ಒಳಗೆ ಹೋಗಿ, ಬೆಳಗಿದ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು, ಲೋಟಕ್ಕೆ ಸುರಿದು, ಎರಡೂ ಕೈಯಿಂದ ಅವರಿಗೆ ಕೊಟ್ಟಳು. ಅವರೂ ಎರಡೂ ಕೈಯಿಂದ ತಗೊಂಡು, ಕಣ್ಣು ಮುಚ್ಚಿ, ಉಸಿರು ಬಿಡದೆ ಕುಡಿದರು. ನನಗೂ ಕೊಟ್ಟಳು. ಚಹಾ ಬಂತು.

ಚಹಾ ಮುಗಿಯುವಾಗ ಹನುಮವ್ವನ ಮೊಮ್ಮಗಳು, ಐದು ವರ್ಷದವಳಿರಬೇಕು, ಆಡಿ ಬೆವೆತು ಒಳಗೆ ಓಡಿಬಂದಳು. ಮೂಲೆಯ ಸಣ್ಣ ಕೊಡದ ಮುಚ್ಚಳ ತೆಗೆದು ಲೋಟ ಇಳಿಸಿದಳು. ತಳಕ್ಕೆ ಲೋಟ ತಾಗಿದ ಸದ್ದು ಪಡಸಾಲೆಯವರೆಗೆ ಕೇಳಿಸಿತು. ಮುಚ್ಚಳ ಮುಚ್ಚಿ, ಪಕ್ಕದ ದೊಡ್ಡ ಹಂಡೆಯಿಂದ ತುಂಬಿಕೊಂಡು ಗಟಗಟ ಕುಡಿದು, ಮತ್ತೆ ಆಡಲು ಓಡಿದಳು.

ಅವರು ಲೋಟ ನೋಡಿದರು, ಕೊಡ ನೋಡಿದರು.

"ಯವ್ವಾ, ನಮಗ ಕೊಟ್ಟಿದ್ದು ಮಕ್ಕಳ ಕೊಡದ ನೀರೇನು?"

"ಮತ್ತ?" ಹನುಮವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನಿಗೆ ಬಂದವರಿಗೆ ಬೋರಿಂಗ್ ನೀರು ಕೊಡಾಕ ಬರ್ತದೇನ್ರಿ? ಬೀಗರು ಬರಲಿ, ಮಾಸ್ತರು ಬರಲಿ, ಸಿಹಿನೀರ ಕೊಡ್ತೀವಿ. ಯಾರ ಮನ್ಯಾಗರೆ ಕೇಳ್ರಿ."

ಎರಡು ಮನೆಯಲ್ಲಿ ಕೇಳಿದರು. ಹೌದು. ಬೀಗರು ಬಂದ ದಿನ ಮಕ್ಕಳು ಹಂಡೆಯ ನೀರು ಕುಡಿಯುತ್ತಿದ್ದರು. ನಾವು ಫ್ಲೋರೈಡ್ ಅಳೆದಿದ್ದೆವು, ಮಕ್ಕಳನ್ನು ಎಣಿಸಿದ್ದೆವು, ಬಾವಿ, ಮೋಟರು, ಪೌಡರು, ಕೇರಿ ಎಲ್ಲ ಯೋಚಿಸಿದ್ದೆವು. ಊರಿಗೆ ಅತಿಥಿಗಳು ಬರುತ್ತಾರೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ಎಂದೋ ಒಂದು ದಿನದ ಒಂದು ಲೋಟದಿಂದ ಯಾವ ಮಗುವಿಗೂ ಏನೂ ಆಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಜೀಪಿನಲ್ಲಿ ಕೂತ ಮೇಲೆ ಮೊಣಕಾಲ ಮೇಲೆ ಫೈಲು ತೆರೆದು, ಮೂರನೆಯ ಕಾಲಂನಲ್ಲಿ ತಮ್ಮ ನೌಕರಿಯ ಕೊನೆಯ ಸಾಲು ಬರೆದರು: 'ಮನೆಗೆ ಬಂದವರಿಗೆ ಮಕ್ಕಳ ನೀರು ಕೊಡುತ್ತಾರೆ. ಇದನ್ನು ಮೊದಲೇ ಕೇಳಬೇಕಾಗಿತ್ತು. ಈ ದಿನ ಒಂದು ಮಗುವಿಗೆ ನೀರು ತಪ್ಪಿದೆ, ಕುಡಿದದ್ದು ನಾನು.' ನನ್ನ ಕಡೆಗೆ ಫೈಲು ಚಾಚಿ ಸಹಿ ಮಾಡಿ ಎಂದರು.

ನಾನು ಸಹಿ ಮಾಡಿದೆ. ಆದರೆ ಆ ಸಾಲಿನ ಕೊನೆಯ ಮಾತು ಪೂರ್ತಿ ಸರಿಯಿಲ್ಲ, ಅದನ್ನು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಅವರು ಕುಡಿದದ್ದು ಒಂದೇ ಲೋಟ. ಅವರು ಬೀದಿಯ ಕಡೆ ನೋಡುತ್ತಿದ್ದಾಗ, ಇದು ಯಾವ ನೀರು ಯವ್ವಾ ಎಂದು ಮೆಲ್ಲಗೆ ಕೇಳಿ, ಸಿಹಿನೀರೇ ಎಂದು ಖಾತ್ರಿ ಮಾಡಿಕೊಂಡು, ಹಾಗಾದರೆ ಇನ್ನೊಂದು ತಂಬಿಗೆ ತಾ ಎಂದು ಆ ಕೊಡವನ್ನು ಬರಿದು ಮಾಡಿದವನು ನಾನು.